ಮ್ಯಾಸಿ ಫರ್ಗ್ಯುಸನ್ 35ಎಕ್ಸ್: ಜೇಡಿಮಣ್ಣಿನ ಉಳುಮೆಯಲ್ಲಿ ದಶಕದ ಬಳಕೆ

ಇಂಗ್ಲೆಂಡಿನ ವಾರ್ವಿಕ್‌ಶೈರ್‌ನಲ್ಲಿ ನಮಗಿರುವ ಸಣ್ಣ ಜಮೀನನ್ನು ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಮ್ಯಾಸಿ ಫರ್ಗ್ಯುಸನ್ 35ಎಕ್ಸ್ ಟ್ರ್ಯಾಕ್ಟರಿನಿಂದಲೇ ಉಳುತ್ತಿದ್ದೇನೆ. 1963ರಲ್ಲಿ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಇದು. ಮೆರವಣಿಗೆಗೆ, ಪ್ರದರ್ಶನಕ್ಕೆ ಒಯ್ಯಲೆಂದು ಇದನ್ನು ಕೊಂಡದ್ದಲ್ಲ. ಗೋಧಿ ಕೊಯ್ದ ಮೇಲೆ ಕೂಳೆ ಉಳುವುದು, ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ವರ್ಷವಿಡೀ ಟ್ರೇಲರ್ ಎಳೆಯುವುದು, ಇವೆಲ್ಲವೂ ಇದರ ಪಾಲಿನ ಕೆಲಸಗಳು. ಹಳೆಯ ಬ್ರಿಟಿಷ್ ಟ್ರ್ಯಾಕ್ಟರನ್ನು ದುಡಿಮೆಗೆಂದೇ ಕೊಳ್ಳುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟು: ಈ ಗಾಡಿಯ ಉಳುಮೆಯ ಬಲ ಎಂಜಿನ್ನಿನಲ್ಲಿರುವುದಕ್ಕಿಂತ ಹೆಚ್ಚಾಗಿ, ಎಣ್ಣೆಯ ಒತ್ತಡದಿಂದ ನೇಗಿಲನ್ನು ಎತ್ತಿ ಇಳಿಸುವ ಅದರ ಹೈಡ್ರಾಲಿಕ್ ಲಿಫ್ಟಿನಲ್ಲಿದೆ. ಆದ್ದರಿಂದ ಆರೈಕೆಯೂ ಅಲ್ಲಿಂದಲೇ ಆರಂಭವಾಗಬೇಕು.

ಲೆಕ್ಕದಲ್ಲಿ ನೋಡಿದರೆ ಇದು ದೊಡ್ಡ ಗಾಡಿಯಲ್ಲ. ಎರಡೂವರೆ ಲೀಟರಿನ, ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್, 44.5 ಅಶ್ವಶಕ್ತಿ, ಸುಮಾರು ಒಂದೂವರೆ ಟನ್ ತೂಕ. ಇಷ್ಟು ಹಗುರವಾದ ಗಾಡಿ 12 ಇಂಚಿನ ಎರಡು ರೆಕ್ಕೆ ನೇಗಿಲುಗಳನ್ನು ನಮ್ಮ ಕೆಂಪು ಜೇಡಿಮಣ್ಣಿನಲ್ಲಿ ಏಳೆಂಟು ಇಂಚು ಆಳಕ್ಕೆ ಇಳಿಸಿಕೊಂಡು ಎರಡನೇ ಗೇರಿನಲ್ಲಿ ಸಾಲು ಮುಗಿಸುವುದನ್ನು ನೋಡಿದವರು ಮೊದಲು ಎಂಜಿನ್ನನ್ನೇ ಹೊಗಳುತ್ತಾರೆ. ಎಂಜಿನ್ ಹೊಗಳಿಕೆಗೆ ತಕ್ಕದ್ದೇ. ಆದರೆ ಚಕ್ರ ಜಾರಿದರೆ ಯಾವ ಎಂಜಿನ್ನಿನ ಶಕ್ತಿಯೂ ನೆಲಕ್ಕೆ ತಲುಪುವುದಿಲ್ಲ, ಒಂದೂವರೆ ಟನ್ನಿನ ಗಾಡಿಯ ಚಕ್ರ ಜೇಡಿಯಲ್ಲಿ ಸುಲಭವಾಗಿ ಜಾರಬೇಕು. ಜಾರದಂತೆ ತಡೆಯುವುದು ಹ್ಯಾರಿ ಫರ್ಗ್ಯುಸನ್ ರೂಪಿಸಿದ, ನೇಗಿಲನ್ನು ಗಾಡಿಯ ಹಿಂಬದಿಗೆ ಜೋಡಿಸುವ ಮೂರು ಕೊಂಡಿಗಳ ವ್ಯವಸ್ಥೆ.

ಅದಕ್ಕೂ ಮೊದಲು ಟ್ರ್ಯಾಕ್ಟರ್ ಎಂದರೆ ಕುದುರೆಯ ಬದಲಿಗೆ ಬಂದ ಯಂತ್ರ ಮಾತ್ರ. ತನ್ನದೇ ಚಕ್ರಗಳ ಮೇಲೆ ಸಾಗುವ ನೇಗಿಲನ್ನು ಸರಪಳಿಯಿಂದಲೋ ಸರಳಿನಿಂದಲೋ ಎಳೆಯುತ್ತಿತ್ತು. ಹಿಡಿತ ಬೇಕೆಂದರೆ ಗಾಡಿಯನ್ನೇ ಭಾರವಾಗಿ ಕಟ್ಟಬೇಕಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡಾಗ ಮೊದಲ ತಲೆಮಾರಿನ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಿದ ದುರಂತಗಳೂ ಉಂಟು. ಫರ್ಗ್ಯುಸನ್ ನೇಗಿಲನ್ನು ಗಾಡಿಯ ಅಂಗವನ್ನಾಗಿಸಿದರು. ಮಣ್ಣು ಕುಳವನ್ನು ತಡೆದಾಗ ನೇಗಿಲಿನ ಮೇಲ್ಭಾಗ ಮುಂದಕ್ಕೆ ವಾಲಲು ನೋಡುತ್ತದೆ. ಆ ಒತ್ತಡ ಟಾಪ್ ಲಿಂಕಿನ, ಅಂದರೆ ಮೂರರಲ್ಲಿ ಮೇಲಿನ ಕೊಂಡಿಯ, ಮೂಲಕ ಬಂದು ಗಾಡಿಯ ಹಿಂಬದಿಯ ದಪ್ಪ ಕಂಟ್ರೋಲ್ ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗಿನ ಆ ಸಣ್ಣ ಚಲನೆ ಒಳಗಿನ ಪಂಪಿನ ವಾಲ್ವಿಗೆ ತಲುಪಿ, ಲಿಫ್ಟ್ ನೇಗಿಲನ್ನು ತುಸುವೇ ಮೇಲೆತ್ತುತ್ತದೆ, ತಡೆ ಕಡಿಮೆಯಾದೊಡನೆ ಮತ್ತೆ ಇಳಿಸುತ್ತದೆ. ಲಿಫ್ಟ್ ಹೀಗೆ ನೇಗಿಲನ್ನು ಹಿಡಿದುಕೊಂಡಿರುವಷ್ಟು ಹೊತ್ತೂ ನೇಗಿಲಿನ ತೂಕ, ರೆಕ್ಕೆಯ ಮೇಲೆ ಮಗುಚುತ್ತಿರುವ ಮಣ್ಣಿನ ಭಾರ, ಕುಳವನ್ನು ಕೆಳಕ್ಕೆ ಸೆಳೆಯುವ ನೆಲದ ಜಗ್ಗು, ಎಲ್ಲವೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತವೆ. ಟಾಪ್ ಲಿಂಕಿನ ತಳ್ಳುವಿಕೆ ಮುಂದಿನ ಚಕ್ರಗಳು ಮೇಲೇಳದಂತೆ ನೋಡಿಕೊಳ್ಳುತ್ತದೆ. ಕೆಲಸ ಕಠಿಣವಾದಷ್ಟೂ ಹಿಡಿತ ಹೆಚ್ಚುತ್ತದೆ ಎಂಬುದು ಈ ವಿನ್ಯಾಸದ ಸೊಗಸು. ಹೆಚ್ಚು ಕಬ್ಬಿಣ ಹೇರದೆ ಹಿಡಿತ ಪಡೆದ ಈ ಆಲೋಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮ ಹೊಲದ ಕೆಳಮೂಲೆಗೆ ಬರಬೇಕು. ಮೇಲಿನ ಭಾಗದಲ್ಲಿ ಮಣ್ಣು ಸ್ವಲ್ಪ ಸಡಿಲ. ಕೆಳಗೆ ಬರುತ್ತಾ ಜೇಡಿ ಬಿಗಿಯಾಗುತ್ತದೆ. ಆ ಗಡಿಯನ್ನು ದಾಟುವಾಗ ಎಂಜಿನ್ನಿನ ಸದ್ದು ಒಂದು ಮಟ್ಟ ಇಳಿದು ಗಂಭೀರವಾಗುತ್ತದೆ, ಲಿಫ್ಟಿನ ತೋಳುಗಳು ಸಣ್ಣಗೆ ಅದುರುತ್ತವೆ, ಬಲಬದಿಯ ಟೈರು ಸಾಲಿನ ತಳದಲ್ಲಿ ತನ್ನ ಗುಬುಟುಗಳ ಅಚ್ಚನ್ನು ಕತ್ತರಿಸಿದಂತೆ ಸ್ಪಷ್ಟವಾಗಿ ಮೂಡಿಸುತ್ತಾ ಸಾಗುತ್ತದೆ. ಚಕ್ರ ಜಾರಿದ್ದರೆ ಆ ಅಚ್ಚು ಉಜ್ಜಿಹೋಗಿರುತ್ತದೆ. ಉಳುಮೆಯ ಗುಣವನ್ನು ಅಳೆಯಲು ನಾನು ಹಿಂದಿರುಗಿ ನೋಡುವುದು ಈ ಅಚ್ಚನ್ನೇ.

ಇದರಲ್ಲಿ ಒಂದು ನಿಜವಾದ ಕೊರತೆಯಿದೆ. ಡ್ರಾಫ್ಟ್ ಕಂಟ್ರೋಲ್, ಅಂದರೆ ಸ್ಪ್ರಿಂಗಿನ ಒತ್ತಡಕ್ಕೆ ತಕ್ಕಂತೆ ನೇಗಿಲನ್ನು ಎತ್ತಿ ಇಳಿಸುವ ಈ ವ್ಯವಸ್ಥೆ, ನೋಡಿಕೊಳ್ಳುವುದು ತಡೆಯನ್ನೇ ಹೊರತು ಆಳವನ್ನಲ್ಲ. ಮಣ್ಣು ಒಂದೇ ಬಗೆಯದಾಗಿದ್ದರೆ ಎರಡೂ ಒಂದೇ. ಮಣ್ಣು ಬದಲಾಗುತ್ತಿದ್ದರೆ ಗಟ್ಟಿ ಜಾಗದಲ್ಲಿ ಸಾಲು ತೆಳುವಾಗುತ್ತದೆ, ಮೆದು ಜಾಗದಲ್ಲಿ ಆಳಕ್ಕಿಳಿಯುತ್ತದೆ. ಹಾಗಾಗಿ ಉಳುವವನ ಕೈ ಲಿವರಿನ ಮೇಲೆಯೇ ಇರಬೇಕು. ಈ ಮಾದರಿಯಲ್ಲಿ ಡ್ರಾಫ್ಟಿಗೊಂದು, ಪೊಸಿಷನ್‌ಗೊಂದು (ನೇಗಿಲನ್ನು ಒಂದೇ ಎತ್ತರದಲ್ಲಿ ಹಿಡಿದಿಡಲು) ಎಂದು ಎರಡು ಲಿವರುಗಳಿರುವುದರಿಂದ ಕೆಲಸ ಸಲೀಸು. ಇದರ ಪೂರ್ವಜನಾದ ಬೂದು ಬಣ್ಣದ ಫರ್ಗ್ಯುಸನ್ ಟಿಇ20ಯಲ್ಲಿ ಇರುವುದು ಒಂದೇ ಲಿವರ್. ಹಾಗೆಯೇ ಹತ್ತು ಇಂಚಿನ ಮೂರು ನೇಗಿಲುಗಳನ್ನು ಇದಕ್ಕೆ ಕಟ್ಟಬಹುದೆಂದು ಹೇಳುವವರಿದ್ದಾರೆ. ಮರಳು ಮಿಶ್ರಿತ ನೆಲದಲ್ಲಿ ಅದು ಸರಿ. ಜೇಡಿಯಲ್ಲಿ ಎರಡೇ ಸಾಕು. ಹದ ತಪ್ಪಿದ ಹಸಿ ಜೇಡಿಯಲ್ಲಂತೂ ಒಂದನ್ನೂ ಇಳಿಸಬಾರದು. ಗಾಡಿ ಎಳೆದೀತು, ಆದರೆ ಸಾಲಿನ ತಳ ಮೆತ್ತಿದಂತಾಗಿ ಗಟ್ಟಿ ಪದರ ಕಟ್ಟುತ್ತದೆ.

ಹೋಲಿಕೆಗೆ ನೆರೆಯ ರೈತರೊಬ್ಬರ ಫೋರ್ಡ್‌ಸನ್ ಸೂಪರ್ ಮೇಜರ್ ಇದೆ. ಡ್ಯಾಗನಮ್‌ನಲ್ಲಿ 1960ರಿಂದ 1964ರವರೆಗೆ ತಯಾರಾದ, 3.6 ಲೀಟರಿನ ನಾಲ್ಕು ಸಿಲಿಂಡರಿನ, ಎರಡು ಟನ್ನಿಗೂ ಮೀರಿದ ಗಾಡಿ ಅದು. ಐವತ್ತಕ್ಕೂ ಮಿಕ್ಕಿದ ಅಶ್ವಶಕ್ತಿ ಅದಕ್ಕಿದೆ. 12 ಇಂಚಿನ ಮೂರು ನೇಗಿಲುಗಳನ್ನು ಅದು ನಮ್ಮ ಮಣ್ಣಿನಲ್ಲಿಯೇ ನಿರಾಯಾಸವಾಗಿ ಒಯ್ಯುತ್ತದೆ. ಉಳುಮೆಯೊಂದೇ ಕೆಲಸವಾಗಿದ್ದು, ಹೊಲ ದೊಡ್ಡದಾಗಿದ್ದರೆ ನಾನು ಅದನ್ನೇ ಆಯ್ಕೆ ಮಾಡುತ್ತಿದ್ದೆ. ಆದರೆ ಸಣ್ಣ ಹೊಲದ ಅಂಚಿನಲ್ಲಿ ತಿರುಗಿಸುವಾಗ, ಕೊಟ್ಟಿಗೆಯ ಬಾಗಿಲಿನಲ್ಲಿ ನುಗ್ಗಿಸುವಾಗ, ಹಸಿ ಹುಲ್ಲುಗಾವಲಿನ ಮೇಲೆ ಓಡಿಸುವಾಗ 35ಎಕ್ಸಿನ ಹಗುರವೇ ಲಾಭ. ಟಿಇ20 ಇನ್ನೂ ಹಗುರ, ಇನ್ನೂ ಸರಳ. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಆ ಗಾಡಿ ಎಡ್ಮಂಡ್ ಹಿಲರಿ ಅವರ ತಂಡವನ್ನು 1958ರ ಜನವರಿಯಲ್ಲಿ ದಕ್ಷಿಣ ಧ್ರುವಕ್ಕೇ ಮುಟ್ಟಿಸಿತು. ಜೇಡಿಮಣ್ಣಿನ ಉಳುಮೆಗೆ ಮಾತ್ರ ಅದರ ಎಂಜಿನ್ ಸಾಲದು.

ಇನ್ನು ಆರೈಕೆ. ಈ ಗಾಡಿಯಲ್ಲಿ ಹೈಡ್ರಾಲಿಕ್ ಪಂಪು ಗೇರುಗಳ ಜೊತೆಯಲ್ಲೇ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ ಮತ್ತು ಪಿಟಿಒ (ಹಿಂದೆ ಕಟ್ಟಿದ ಯಂತ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಶಾಫ್ಟು) ತಿರುಗಿದರೆ ಮಾತ್ರ ತಿರುಗುತ್ತದೆ. ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಲಿಫ್ಟ್ ಏಳುವುದಿಲ್ಲ. ಹೊಸದಾಗಿ ಕೊಂಡವರು ಪಂಪು ಕೆಟ್ಟಿತೆಂದು ಗಾಬರಿಯಾಗುವ ಮೊದಲು ಆ ಲಿವರನ್ನು ನೋಡಬೇಕು. ಗೇರಿಗೂ ಲಿಫ್ಟಿಗೂ ಎಣ್ಣೆ ಒಂದೇ, ಸುಮಾರು 30 ಲೀಟರ್. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಮಳೆಯ ನೀರು ನೇರವಾಗಿ ಅದರೊಳಗೆ ಇಳಿದು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆಯಲ್ಲಿ ಪಂಪಿನ ವಾಲ್ವುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಆ ರಬ್ಬರಿನ ಬೆಲೆ ಅತ್ಯಲ್ಪ. ಪಂಪು ಬಿಚ್ಚುವುದೆಂದರೆ ಮೇಲಿನ ಭಾರವಾದ ಲಿಫ್ಟ್ ಮುಚ್ಚಳವನ್ನು ಎತ್ತಿ ಇಳಿಸುವ ದೊಡ್ಡ ಕೆಲಸ. ಗಾಡಿ ಬಯಲಿನಲ್ಲಿ ನಿಲ್ಲುವುದಾದರೆ ಕನಿಷ್ಠ ಆ ಭಾಗಕ್ಕಾದರೂ ಹೊದಿಕೆ ಬೇಕು.

ಒಂದು ವರ್ಷ ನೇಗಿಲು ಸಾಲಿನುದ್ದಕ್ಕೂ ಏಳುತ್ತಾ ಬೀಳುತ್ತಾ ಸಾಗತೊಡಗಿತು. ಇಲ್ಲಿಯ ಒಬ್ಬ ಮೆಕ್ಯಾನಿಕ್ ಪಂಪು ಬದಲಿಸಬೇಕೆಂದು ಹೇಳಿ ಹೋದರು. ದಾವಣಗೆರೆಯ ಕಡೆ ಮ್ಯಾಸಿ 1035 ಓಡಿಸುವ ನನ್ನ ತಮ್ಮ ಫೋನಿನಲ್ಲಿ ವಿಷಯ ಕೇಳಿ, "ಅಣ್ಣಾ, ಪಂಪು ಮುಟ್ಟಬ್ಯಾಡ. ಮೊದಲು ಹಿಂದಿನ ಸ್ಪ್ರಿಂಗು ಆಟ ಐತೇನು ನೋಡು" ಎಂದ. ಟಾಪ್ ಲಿಂಕ್ ಜೋಡಿಸುವ ಕೊಂಡಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಕಟಕಟ ಎನ್ನುವಷ್ಟು ಆಟ ಬಂದಿತ್ತು, ಪಿನ್ನೂ ಸವೆದಿತ್ತು. ಸ್ಪ್ರಿಂಗಿನ ಆಟವನ್ನು ಬಿಗಿಮಾಡಿ, ಪಿನ್ನು ಬದಲಿಸಿದ ಮೇಲೆ ನೇಗಿಲು ಮೊದಲಿನಂತೆಯೇ ನಿಂತಿತು. ತಮ್ಮನಿಗೆ ಅದು ಗೊತ್ತಿದ್ದುದು ಸಹಜ. 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟಾಫೆ ಕಂಪನಿ ಮ್ಯಾಸಿ ಫರ್ಗ್ಯುಸನ್ ಸಹಯೋಗದಲ್ಲಿ ತಯಾರಿಸುತ್ತಾ ಬಂದ 1035, ನನ್ನ 35ಎಕ್ಸಿನ ಹಿಂದಿನ ಮಾದರಿಯಾದ 35ರ ವಂಶದ್ದೇ. ಅದರ ಸಿಂಪ್ಸನ್ ಎಂಜಿನ್ನಿನ ಮೂಲವೂ ಪರ್ಕಿನ್ಸ್. ಮಹೀಂದ್ರ ಬಿ-275 ಕೂಡ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಇಂಟರ್‌ನ್ಯಾಷನಲ್ ಬಿ-275ರ ಸಂತತಿಯೇ. ಇಲ್ಲಿ ಹಳೆಯ ಕಾಲದ ವಸ್ತುವೆಂದು ಜೋಪಾನ ಮಾಡುವ ವಿನ್ಯಾಸ ನಮ್ಮೂರಿನಲ್ಲಿ ಇಂದಿಗೂ ದಿನದ ದುಡಿಮೆಯಲ್ಲಿದೆ.

ಎಂಜಿನ್ನಿನ ವಿಷಯದಲ್ಲಿ ಹೇಳುವುದು ಕಡಿಮೆ, ಏಕೆಂದರೆ ಅದು ತೊಂದರೆ ಕೊಟ್ಟಿರುವುದೂ ಕಡಿಮೆ. ಕೊಳ್ಳುವಾಗ ಒಂದು ಎಚ್ಚರ ಇರಲಿ: 1959ಕ್ಕಿಂತ ಹಿಂದಿನ ಡೀಸೆಲ್ 35ಗಳಲ್ಲಿ ಇರುವುದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್. ಚಳಿಯಲ್ಲಿ ಅದನ್ನು ಎಬ್ಬಿಸುವುದು ಕಷ್ಟವೆಂಬುದು ಇಲ್ಲಿಯ ಹಳೆಯ ರೈತರೆಲ್ಲರ ಅನುಭವ. ಪರ್ಕಿನ್ಸ್ ಹಾಗಲ್ಲ, ಹಿಮ ಬಿದ್ದ ಬೆಳಿಗ್ಗೆಯೂ ಥರ್ಮೋಸ್ಟಾರ್ಟನ್ನು (ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಬಿಸಿಮಾಡುವ ಸಾಧನ) ಹದಿನೈದಿಪ್ಪತ್ತು ಸೆಕೆಂಡು ಕಾಯಿಸಿ, ಒಳ್ಳೆಯ ಬ್ಯಾಟರಿಯಿಂದ ತಿರುಗಿಸಿದರೆ ಎದ್ದುಬಿಡುತ್ತದೆ. ಡೀಸೆಲ್ ಮುಗಿಯುವವರೆಗೆ ಓಡಿಸಿದರೆ ಏರ್ ಹಿಡಿಯುತ್ತದೆ. ಫಿಲ್ಟರ್, ಪಂಪು, ನಾಜಲ್ ಪೈಪು ಎಂಬ ಕ್ರಮದಲ್ಲಿ ಏರ್ ತೆಗೆಯುವುದನ್ನು ಮಾಲೀಕನೇ ಕಲಿತಿರಬೇಕು. ಎಂಜಿನ್ನಿನ ಹಿಂಬದಿಯ ಸೀಲು ಕಾಲಕ್ರಮದಲ್ಲಿ ಒಸರುತ್ತದೆ. ಕ್ಲಚ್ ಹೌಸಿಂಗಿನ ತಳದ ಸಣ್ಣ ರಂಧ್ರದಲ್ಲಿ ಜೋಲಾಡುವ ಪಿನ್ನು ಇರುವುದು ಆ ಎಣ್ಣೆ ಹೊರಗೆ ಹರಿಯಲೆಂದೇ. ಹನಿ ನಿಂತಿತೆಂದು ಸಂತೋಷಪಡುವ ಮೊದಲು ರಂಧ್ರ ಮುಚ್ಚಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮುಚ್ಚಿದ್ದರೆ ಎಣ್ಣೆ ಕ್ಲಚ್ ಪ್ಲೇಟಿಗೆ ತಗಲುತ್ತದೆ.

ಬ್ರೇಕಿನ ಕಥೆಯೂ ಎಣ್ಣೆಯದೇ. ಹಿಂದಿನ ಆ್ಯಕ್ಸಲ್ ಸೀಲು ಸೋತರೆ ಡ್ರಮ್ಮಿನೊಳಗೆ ಎಣ್ಣೆ ನುಗ್ಗಿ ಒಂದು ಬದಿಯ ಬ್ರೇಕು ಹಿಡಿಯುವುದೇ ಇಲ್ಲ. ಆ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಆದ್ದರಿಂದ ಹಳೆಯ ಡ್ರಮ್ಮನ್ನು ಬಿಚ್ಚಿದಾಗ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಟೈರುಗಳಲ್ಲಿ ತೂಕಕ್ಕೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ತುಂಬಿದ್ದರೆ ವಾಲ್ವಿನ ಸುತ್ತ ರಿಮ್ಮನ್ನು ಪರೀಕ್ಷಿಸಿ. ಒಂದು ಸಣ್ಣ ಸೋರಿಕೆ ಇಡೀ ರಿಮ್ಮನ್ನು ತಿನ್ನುತ್ತದೆ.

ಬಿಡಿಭಾಗಗಳ ಲಭ್ಯತೆಗೆ ಪೂರ್ಣ ಅಂಕ ಕೊಡುತ್ತೇನೆ. ಅರವತ್ತು ವರ್ಷ ಮೀರಿದ ಈ ಗಾಡಿಗೆ ಬೇಕಾದ ಬಹುತೇಕ ಎಲ್ಲವೂ ಕೆಲವೇ ದಿನಗಳಲ್ಲಿ ಮನೆಗೆ ಬರುತ್ತದೆ, ಅದರಲ್ಲಿ ಭಾರತದಲ್ಲಿ ತಯಾರಾದ ಭಾಗಗಳೂ ಇರುತ್ತವೆ. ಗುಣಮಟ್ಟ ಮಾತ್ರ ಒಂದೇ ಸಮನಾಗಿಲ್ಲ. ಮಾರಾಟಗಾರರೊಬ್ಬರು ಅಗ್ಗವಾಗಿ ಕೊಟ್ಟ ಲಿಫ್ಟ್ ತೋಳಿನ ಗೋಲಿಗಳು ಒಂದೇ ಹಂಗಾಮಿನಲ್ಲಿ ಸವೆದುಹೋದವು. ಕೊಂಡಿ, ಗೋಲಿ, ಪಿನ್ನುಗಳಲ್ಲಿ ಉಳಿತಾಯ ನೋಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಡ್ರಾಫ್ಟ್ ಕಂಟ್ರೋಲ್ ಮಣ್ಣಿನ ಸುದ್ದಿಯನ್ನು ಕೇಳುವುದು ಅವುಗಳ ಮೂಲಕವೇ.

ಕೊಳ್ಳಲು ಹೋದಾಗ ಹೊಸ ಕೆಂಪು ಬಣ್ಣವನ್ನು ನೋಡಬೇಡಿ. ಗಾಡಿಯನ್ನು ಅರ್ಧ ಗಂಟೆ ಓಡಿಸಿ ಎಣ್ಣೆ ಬಿಸಿಯಾಗಲು ಬಿಡಿ; ನಂತರ ಭಾರವಾದ ನೇಗಿಲನ್ನು ಎತ್ತಿಸಿ. ತಣ್ಣಗಿದ್ದಾಗ ಸಲೀಸಾಗಿ ಎತ್ತಿ, ಬಿಸಿಯಾದ ಮೇಲೆ ತಡವರಿಸುವ ಲಿಫ್ಟಿನೊಳಗೆ ಸವೆತವಿದೆ ಎಂದು ತಿಳಿಯಿರಿ. ಎಂಜಿನ್ ಆರಿಸಿ, ನೇಗಿಲು ಎಷ್ಟು ಬೇಗ ಕೆಳಗಿಳಿಯುತ್ತದೆಂದು ದೂರ ನಿಂತು ನೋಡಿ. ಎತ್ತಿದ ನೇಗಿಲಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಇಡಬಾರದು.

ಇಳಿಜಾರಿನ ಜಮೀನು ಇರುವವರಿಗೆ ಈ ಗಾಡಿಯನ್ನು ಇದ್ದ ಸ್ಥಿತಿಯಲ್ಲಿ ನಾನು ಶಿಫಾರಸು ಮಾಡಲಾರೆ. ಬ್ರಿಟನ್ನಿನಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಸುರಕ್ಷತಾ ಕ್ಯಾಬ್ ಕಡ್ಡಾಯವಾದದ್ದು 1970ರಲ್ಲಿ. ಅದಕ್ಕೂ ಹಿಂದಿನ ಈ ಗಾಡಿಗಳಲ್ಲಿ ಮಗುಚಿದರೆ ಚಾಲಕನನ್ನು ಕಾಯುವ ಏನೂ ಇಲ್ಲ. ಮಲ್ಟಿ ಪವರ್ ಗೇರು (ಓಡುತ್ತಿರುವಾಗಲೇ ಹೈ, ಲೋ ಎಂದು ಬದಲಿಸಬಹುದಾದ ಗೇರು) ಇರುವ 35ಎಕ್ಸ್ ಸಿಕ್ಕಿದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದರ ಲೋ ಸ್ಥಾನದಲ್ಲಿ ಎಂಜಿನ್ ಬ್ರೇಕಿಂಗ್ (ಎಂಜಿನ್ನೇ ಚಕ್ರಗಳ ವೇಗವನ್ನು ತಡೆಯುವುದು) ಇರುವುದಿಲ್ಲ, ಟ್ರೇಲರ್ ಸಮೇತ ಇಳಿಜಾರಿನಲ್ಲಿ ಗಾಡಿ ಉರುಳತೊಡಗುತ್ತದೆ. ನಾನು ನನ್ನದಕ್ಕೆ ರೋಲ್ ಬಾರ್ ಮತ್ತು ಸೀಟ್ ಬೆಲ್ಟ್ ಹಾಕಿಸಿದ್ದೇನೆ, ಪಿಟಿಒ ಶಾಫ್ಟಿಗೆ ಹೊಸ ಕವಚ ತೊಡಿಸಿದ್ದೇನೆ. ಗಾಡಿಯ ಮೂಲ ರೂಪ ಕೆಟ್ಟಿತೆಂದು ಸಂಗ್ರಾಹಕರು ಆಕ್ಷೇಪಿಸಬಹುದು. ದಿನವೂ ಅದರ ಮೇಲೆ ಕುಳಿತು ದುಡಿಯುವವರು ರೋಲ್ ಬಾರ್, ಸೀಟ್ ಬೆಲ್ಟ್ ಎರಡನ್ನೂ ಹಾಕಿಸಿದ ಮೇಲೆಯೇ ನೇಗಿಲು ಕಟ್ಟಬೇಕು.