ಥಂಡಿ ನೀರಲ್ಲಿಲ್ಲ, ಗಾಳಿಯಲ್ಲಿದೆ: ಚಳಿಗಾಲದ ನೀರಾಟಕ್ಕೆ ಯಾವ ಉಡುಪು?

ಜನವರಿ ತಿಂಗಳು, ಬೆಳಿಗ್ಗೆ ಆರೂವರೆ. ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರು. ದಡದಲ್ಲಿ ಥರ್ಮಾಮೀಟರ್ ಹಿಡಿದು ನೋಡಿದೆ, ಗಾಳಿ 15 ಡಿಗ್ರಿ. ಅದಕ್ಕೇ ದಾರ ಕಟ್ಟಿ ನೀರಿಗೆ ಬಿಟ್ಟೆ. 23 ಡಿಗ್ರಿ! ಹಲ್ಲು ಕಟಕಟ ಅನ್ನುವ ಹೊತ್ತಲ್ಲೂ ನೀರು ಗಾಳಿಗಿಂತ ಬೆಚ್ಚಗಿತ್ತು. ಈ ಲೆಕ್ಕ ಒಂದು ವರ್ಷ ಮೊದಲೇ ಗೊತ್ತಿದ್ದಿದ್ದರೆ ನನ್ನ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಈ ನೀರಿನ ಹುಚ್ಚು ಹತ್ತಿಸಿದ್ದು ನಮ್ಮಣ್ಣ. ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ, ವಾಟರ್ ಸ್ಕೀಯಿಂಗ್ ಅಂದರೆ ಅವನಿಗೆ ಪ್ರಾಣ. ಕಾಲಿಗೆ ಹಲಗೆ ಕಟ್ಟಿಕೊಂಡು, ಮೋಟಾರ್ ಬೋಟಿನ ಹಗ್ಗ ಹಿಡಿದು ನೀರ ಮೇಲೆ ಜಾರುವ ಆಟ. 1922ರ ಜುಲೈನಲ್ಲಿ ಅಮೆರಿಕದ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಅನ್ನುವ ಹದಿನೆಂಟರ ಹುಡುಗ ಮೊದಲು ಮಾಡಿ ತೋರಿಸಿದ್ದು. ಹುಟ್ಟಿದ್ದೇ ಬೇಸಿಗೆಯಲ್ಲಿ. ಅದನ್ನು ಚಳಿಗಾಲದಲ್ಲೂ ಆಡುವ ಹಾಗೆ ಮಾಡಿದ್ದು ಮೈಮೇಲಿನ ಉಡುಪು. ಅಲ್ಲಿ ಎರಡು ಪಂಗಡ ಇವೆ: ಮೈಗಂಟುವ ರಬ್ಬರಿನ ವೆಟ್‌ಸೂಟ್‌ನವರು, ನೀರನ್ನು ಒಳಗೇ ಬಿಡದ ಸಡಿಲ ಡ್ರೈಸೂಟ್‌ನವರು. ಒಂದು ನವೆಂಬರ್‌ನಲ್ಲಿ ಅಣ್ಣನ ಮನೆಗೆ ಹೋದಾಗ ಎರಡನ್ನೂ ಹಾಕಿ ನೋಡಿದೆ.

ಮೊದಲ ದಿನ 5 ಮಿ.ಮೀ. ದಪ್ಪದ ವೆಟ್‌ಸೂಟ್. ಸರೋವರದ ನೀರು 8 ಡಿಗ್ರಿ. ಇಳಿದ ಕೂಡಲೇ ಕೊರಳ ಹಿಂದಿನಿಂದ ಬೆನ್ನಿಗೆ ನೀರು ಹರಿಯಿತು, ಏದುಸಿರು ಬಂತು. "ಒಂದು ನಿಮಿಷ ಸುಮ್ನೆ ತೇಲು, ಉಸಿರು ಹದಕ್ಕೆ ಬರಲಿ, ಆಮೇಲೆ ಹಗ್ಗ ಹಿಡಿ" ಅಂದ ಅಣ್ಣ. ತಣ್ಣೀರಿನಲ್ಲಿ ಆ ಮೊದಲ ನಿಮಿಷವೇ ಅಪಾಯ. ತಲೆ ಮುಳುಗಿದ್ದಾಗ ಹಾಗೆ ಉಸಿರು ಎಳೆದರೆ ನೀರು ನೇರ ಒಳಗೆ ಹೋಗುತ್ತದೆ. ಲೈಫ್ ಜಾಕೆಟ್ ಹಾಕುವುದು ಮುಖ್ಯವಾಗಿ ಅದಕ್ಕೇ.

ವೆಟ್‌ಸೂಟ್ ಒಳಗೆ ಸೇರಿದ ನೀರೇ ಮೈ ಬೆಚ್ಚಗಿಡುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅದು ಪೂರ್ತಿ ಸರಿ ಅಲ್ಲ. ನಿಯೋಪ್ರೀನ್ ರಬ್ಬರಿನೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಸುಲಭವಾಗಿ ಶಾಖ ಸಾಗಿಸುತ್ತದೆ. ಅದನ್ನು ತಡೆಯುವುದು ಆ ಗುಳ್ಳೆಗಳು. ಒಳಗಿನ ನೀರು ಆದಷ್ಟು ಕಡಿಮೆ ಇರಬೇಕು, ಅಲ್ಲಾಡಬಾರದು. ಅದಕ್ಕೇ ಈ ಉಡುಪು ಚರ್ಮದ ಹಾಗೆ ಮೈಗೆ ಅಂಟಿಕೊಂಡಿರಬೇಕು.

ಅಂಟಿಕೊಂಡಿತ್ತು, ಆದರೆ ಜಾಸ್ತಿನೇ. ಸ್ಕೀಗೆ ಏಳುವ ಮೊದಲು ನೀರಲ್ಲಿ ಮಂಡಿ ಎದೆಗೆ ಮಡಚಿ ಕೂರಬೇಕು. ದಪ್ಪ ರಬ್ಬರು ಮಂಡಿಯನ್ನು ವಾಪಸ್ ತಳ್ಳುತ್ತಲೇ ಇತ್ತು. ನಾಲ್ಕು ಸಲ ಪ್ರಯತ್ನಿಸುವಷ್ಟರಲ್ಲಿ ಮುಂಗೈ ಸೋತುಹೋಯಿತು. ಐದನೇ ಸಲ ಎದ್ದೆ. ಬೋಟು 40 ಕಿ.ಮೀ. ವೇಗಕ್ಕೆ ಬಂದಾಗ ಒದ್ದೆ ಉಡುಪಿನ ಮೇಲೆ ಗಾಳಿ ಬೀಸಿತು ನೋಡಿ, ನೀರಲ್ಲಿದ್ದಾಗಲೇ ಎಷ್ಟೋ ವಾಸಿ ಅನ್ನಿಸಿತು.

ಎರಡನೇ ದಿನ ಡ್ರೈಸೂಟ್. ಕೊರಳು, ಮಣಿಕಟ್ಟಿನಲ್ಲಿ ಬಿಗಿಯಾದ ಲ್ಯಾಟೆಕ್ಸ್ ಪಟ್ಟಿ. ಪೌಡರ್ ಹಚ್ಚಿಕೊಳ್ಳದಿದ್ದರೆ ಕೈ ತೂರುವುದೇ ಇಲ್ಲ. ಹಾಕಿಕೊಂಡ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೊರಳ ಪಟ್ಟಿ ಎಳೆದು ಒಳಗಿನ ಗಾಳಿ ಬಿಡಬೇಕು. ಡ್ರೈಸೂಟ್ ತಾನಾಗಿ ಬೆಚ್ಚಗಿಡುವುದಿಲ್ಲ, ನೀರನ್ನು ಹೊರಗಿಡುತ್ತದೆ ಅಷ್ಟೆ. ಬೆಚ್ಚಗಿಡುವುದು ಒಳಗಿನ ಉಣ್ಣೆ ಬಟ್ಟೆ. ಸಡಿಲ ಇದ್ದದ್ದರಿಂದ ಗಾಳಿಗೆ ಪಟಪಟ ಬಡಿಯುತ್ತಿತ್ತು. ಆದರೂ ಮಂಡಿ ಸಲೀಸಾಗಿ ಮಡಚಿತು, ಎರಡನೇ ಪ್ರಯತ್ನಕ್ಕೇ ಎದ್ದೆ. ಮೂರು ಸಲ ಬಿದ್ದು ಎದ್ದು ದಡಕ್ಕೆ ಬಂದಾಗಲೂ ಮೈ ಒಣಗಿತ್ತು. ಎರಡೂ ದಿನ ಮೊದಲು ಮರಗಟ್ಟಿದ್ದು ಬೆರಳು. 8 ಡಿಗ್ರಿಯಲ್ಲಿ ನನ್ನ ಆಯ್ಕೆ ಡ್ರೈಸೂಟ್, ಎರಡು ಮಾತಿಲ್ಲ.

ಅಲ್ಲಿಂದ ಬಂದವನು ಮಾಡಿದ ತಪ್ಪು ಏನು ಗೊತ್ತಾ? ಅಲ್ಲಿಯ ತೀರ್ಪನ್ನೇ ಇಲ್ಲಿಗೂ ತಂದೆ. ಅಣ್ಣನ ಹಳೇ ಡ್ರೈಸೂಟ್ ಹೊತ್ತು ತಂದೆ. ಮೇಲೆ ಸುಮಾರು 6 ಸಾವಿರ ಕೊಟ್ಟು 3/2 ವೆಟ್‌ಸೂಟ್ ತರಿಸಿದೆ, ಅಂದರೆ ಎದೆ ಬೆನ್ನಿಗೆ 3 ಮಿ.ಮೀ., ಕೈಕಾಲಿಗೆ 2. ಇಲ್ಲಿ ನಮಗೆ ಎಳೆಯುವ ಬೋಟ್ ಇಲ್ಲ. ಭಾನುವಾರ ನಾವು ಮೂವರು ಗೆಳೆಯರು ಕೊಪ್ಪಳದಿಂದ ಕತ್ತಲಲ್ಲೇ ಹೊರಟು, ಕಯಾಕ್ ಅನ್ನುವ ಸಣ್ಣ ದೋಣಿ ನೀರಿಗೆ ಹಾಕುತ್ತೇವೆ, ದಡದ ಹತ್ತಿರ ಅರ್ಧ ಗಂಟೆ ಈಜುತ್ತೇವೆ.

ಡ್ರೈಸೂಟ್ ಎರಡೇ ವಾರಕ್ಕೆ ಸೋತಿತು. ಹುಟ್ಟು ಹಾಕಿದ ಹತ್ತು ನಿಮಿಷಕ್ಕೆ ಒಳಗೆಲ್ಲ ಬೆವರು. ಹೊರಗಿನ ನೀರು ಬರಲಿಲ್ಲ ನಿಜ, ಆದರೆ ಒಳಗೇ ತೊಯ್ದು ಹೋದೆ. 3/2 ಮೊದಲ ಅರ್ಧ ಗಂಟೆ ಹಿತವಾಗಿತ್ತು. ಎಂಟೂವರೆಗೆ ಬಿಸಿಲು ಏರಿತು, ಕಪ್ಪು ರಬ್ಬರು ಕಾಯತೊಡಗಿತು. ನಮ್ಮ ಕಡೆ ಜನವರಿ ಮಧ್ಯಾಹ್ನ 30 ಡಿಗ್ರಿ ಮುಟ್ಟುತ್ತದೆ ಅಲ್ವಾ? ಒಂಬತ್ತರ ಹೊತ್ತಿಗೆ ಬೆನ್ನ ಜಿಪ್ ಇಳಿಸಿ, ತೋಳು ಸೊಂಟಕ್ಕೆ ಕಟ್ಟಿಕೊಂಡು ಕೂತಿದ್ದೆ.

ಗೆದ್ದದ್ದು ಎಲ್ಲಕ್ಕಿಂತ ಅಗ್ಗದ್ದು. ತೋಳಿಲ್ಲದ 2 ಮಿ.ಮೀ. ನಿಯೋಪ್ರೀನ್ ಬನಿಯನ್, ಅದರ ಒಳಗೆ ಉದ್ದ ತೋಳಿನ ಲೈಕ್ರಾ ಅಂಗಿ, ಕಯಾಕ್‌ನಲ್ಲಿ ಕೂತಾಗ ಮೇಲೊಂದು ತೆಳು ಗಾಳಿ ಜಾಕೆಟ್, ಅದರ ಮೇಲೆ ಲೈಫ್ ಜಾಕೆಟ್. ಎದೆ ಬೆಚ್ಚಗೆ, ಭುಜ ಬಿಡುಬೀಸು. 23 ಡಿಗ್ರಿ ನೀರಿಗೆ ಅಷ್ಟು ಸಾಕು. ಬರೀ ಲೈಕ್ರಾ ಹಾಕಿಯೂ ನೋಡಿದೆ. ಈಜುವಾಗ ಏನೂ ಅನ್ನಿಸಲಿಲ್ಲ, ಹೊರಗೆ ಬಂದ ಮೇಲೆ ಮೂಡಗಾಳಿಗೆ ನಡುಗಿದೆ. ಹತ್ತಿ ಬನಿಯನ್ ಮಾತ್ರ ಬೇಡವೇ ಬೇಡ. ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ.

ಇಲ್ಲಿನ ಥಂಡಿಯ ಆಟವೆಲ್ಲ ನೀರಿನಿಂದ ಎದ್ದ ಮೇಲೆ ಶುರು ಅಂತ ಗೊತ್ತಾದ ಮೇಲೆ ಇನ್ನೊಂದು ಹೋಲಿಕೆ ಮಾಡಿದೆ. ಈಜಿದ ಮೇಲೆ ಹೊದೆಯುವ, ಟೋಪಿ ಇರುವ ದೊಡ್ಡ ನಿಲುವಂಗಿ ಒಂದು ಕಡೆ. ಮನೆಯಲ್ಲಿದ್ದ ಕರಿ ಕಂಬಳಿ ಇನ್ನೊಂದು ಕಡೆ. ನಿಲುವಂಗಿಯ ಒಳಗೆ ಬಟ್ಟೆ ಬದಲಿಸುವುದು ಸುಲಭ, ಅದೊಂದೇ ಅದರ ಹೆಚ್ಚುಗಾರಿಕೆ. ಕುರಿ ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಗಾಳಿ ತಡೆಯುತ್ತದೆ, ದಡದಲ್ಲಿ ಹಾಸಿ ಕೂರಲೂ ಬರುತ್ತದೆ. ಮೈಗೆ ಚುಚ್ಚುತ್ತದೆ ಅನ್ನುವುದು ನಿಜ, ಒಳಗೊಂದು ಟವೆಲ್ ಸುತ್ತಿಕೊಂಡರೆ ಆಯಿತು. ಕಂಬಳಿ ಹೊದ್ದು ಬಿಸಿ ಬಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವ ಆ ಹತ್ತು ನಿಮಿಷಕ್ಕೆ ನಾನು ವಾರವೆಲ್ಲ ಕಾಯುತ್ತೇನೆ.

ಪಾದಕ್ಕೆ ದಪ್ಪ ಅಟ್ಟೆಯ ನಿಯೋಪ್ರೀನ್ ಬೂಟ್ ತಗೊಳ್ಳಿ. ಚಳಿಗಿಂತ ಕೆಸರಿಗೆ ಅದು ಬೇಕು. ಕಾಲುವೆಗೆ ನೀರು ಬಿಡುತ್ತಾ ಹೋದ ಹಾಗೆ ಹಿನ್ನೀರು ಹಿಂದೆ ಸರಿಯುತ್ತದೆ, ದಡದಲ್ಲಿ ಕೆಸರು, ಮುಳ್ಳು, ಹರಿದ ಬಲೆ ಉಳಿಯುತ್ತವೆ.

ಜಾಗದ ಬಗ್ಗೆ ಒಂದು ಮಾತು, ದಯವಿಟ್ಟು ಕೇಳಿ. ಎಡದಂಡೆ ಕಾಲುವೆಗೆ ಇಳಿಯಲೇಬೇಡಿ. ಸೆಳವು ಜೋರು, ಗೋಡೆ ಜಾರು, ಹತ್ತಲು ಹಿಡಿತ ಸಿಗುವುದಿಲ್ಲ. ಡ್ಯಾಮಿನ ಕೆಳಗಿನ ನದಿಯೂ ಬೇಡ. ಅಲ್ಲಿ ಮೊಸಳೆಗಳಿವೆ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಹಿನ್ನೀರಿಗೂ ಒಬ್ಬರೇ ಹೋಗಬೇಡಿ. ಎಲ್ಲಿ ಇಳಿಯಬಹುದು ಅಂತ ಅಲ್ಲಿನ ಮೀನುಗಾರರನ್ನು ಕೇಳಿಯೇ ಇಳಿಯಿರಿ.

ನಿಯೋಪ್ರೀನ್‌ಗೆ ನಮ್ಮ ಬಿಸಿಲೇ ಶತ್ರು. ಒಳಗಡೆ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ನನ್ನ 3/2ರ ಕಂಕುಳ ಹೊಲಿಗೆ ಬಿಚ್ಚಿದಾಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಒಯ್ದೆ. ಗಟ್ಟಿಯಾಗಿ ಹೊಲಿದುಕೊಟ್ಟರು, ಆದರೆ ಸೂಜಿ ತೂರಿದ ಒಂದೊಂದು ತೂತಿನಿಂದಲೂ ನೀರು ಬಂತು. ಅವರ ತಪ್ಪಲ್ಲ. ಈ ಬಟ್ಟೆಯ ಅಂಚನ್ನು ಮೊದಲು ಅಂಟಿನಿಂದ ಕೂಡಿಸಿ, ಸೂಜಿ ಅರ್ಧ ದಪ್ಪಕ್ಕಷ್ಟೇ ಇಳಿಯುವ ಹಾಗೆ ಹೊಲಿಯಬೇಕು. ಆಮೇಲೆ ಹೊಲಿಗೆ ಬಿಚ್ಚಿಸಿ, ನಿಯೋಪ್ರೀನ್ ಅಂಟು ಹಚ್ಚಿ ಒಂದು ದಿನ ಒಣಗಲು ಬಿಟ್ಟೆ. ಈಗ ಸರಿಯಾಗಿದೆ.

ಈ ಡಿಸೆಂಬರ್‌ನಲ್ಲಿ ಒಂಬತ್ತು ವರ್ಷದ ಮಗಳೂ ಬರುತ್ತೇನೆ ಅಂದಳು. ಅವಳಿಗೆ ಮಾತ್ರ ತೆಳು ಬನಿಯನ್ ಅಲ್ಲ, ಅವಳ ಅಳತೆಯ 3/2 ತರಿಸಿದ್ದೇನೆ. ಮಕ್ಕಳ ಮೈ ನಮಗಿಂತ ಬೇಗ ತಣ್ಣಗಾಗುತ್ತದೆ. ಹದಿನೈದು ನಿಮಿಷಕ್ಕೆ ಹೊರಗೆ, ನೇರ ಕಂಬಳಿಯೊಳಗೆ ಅಂತ ಮೊದಲೇ ಮಾತಾಗಿದೆ.