ಮೂರು ಮಳೆಗಾಲ ಕಂಡ ಒಂದು ಡಬ್ಬಿ ಮೇಣ

ಅಪ್ಪ ಬಿಟ್ಟುಹೋದ ಮೂರು ಪಿಸ್ತೂಲುಗಳು ನನ್ನ ಬಳಿ ಇವೆ. ಮೂರೂ ಬ್ರಿಟಿಷರ ಕಾಲದವು. ಒಂದು ಚಕಮಕಿ ಕಲ್ಲಿನದು, ಎರಡು ಕೇಪಿನವು, ಅಂದರೆ ಬಡಿದರೆ ಸಿಡಿಯುವ ಪುಟ್ಟ ಟೊಪ್ಪಿಯಿಂದ ಮದ್ದು ಹೊತ್ತಿಕೊಳ್ಳುವಂಥವು. ಅವುಗಳ ವಿಷಯದಲ್ಲಿ ನನಗೆ ಕಳ್ಳರ ಭಯವಿಲ್ಲ, ಜಡಿಮಳೆಯ ಆಟಿ ತಿಂಗಳಿನ ಭಯವಿದೆ. ಮಂಗಳೂರಿನ ಬಿಜೈಯ ನಮ್ಮ ಹಂಚಿನ ಮನೆಯಲ್ಲಿ ಜೂನ್ ಬಂತೆಂದರೆ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಭರಣಿಯ ಉಪ್ಪು ನೀರು ಬಿಡುತ್ತದೆ. ಇನ್ನೂರು ವರ್ಷದ ಕಬ್ಬಿಣ ಏನು ಮಾಡೀತು?

ಈ ಬರಹ ರೆನೆಸಾನ್ಸ್ ವ್ಯಾಕ್ಸ್ ಎಂಬ ಮೇಣದ ಬಗ್ಗೆ. 2022ರ ಮೇ ತಿಂಗಳಲ್ಲಿ ಮೊದಲ ಸಲ ಹಚ್ಚಿದೆ. ಒಂದೇ ಬೇಸಿಗೆ ನೋಡಿ ಹೊಗಳಲು ಮನಸ್ಸಾಗಲಿಲ್ಲ. ಮೂರು ಮಳೆಗಾಲ ಕಳೆಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ.

ಮೊದಲು ಪಿಸ್ತೂಲುಗಳ ಪರಿಚಯ. ಅಪ್ಪ ಇಲ್ಲಿನ ಒಂದು ಕಾಫಿ ಸಂಸ್ಕರಣಾ ಘಟಕದಲ್ಲಿ ಗುಮಾಸ್ತರಾಗಿದ್ದರು. ಚಿಕ್ಕಮಗಳೂರು ಕಡೆಯ ಬಿಳಿಯ ತೋಟಗಾರರು ಒಬ್ಬೊಬ್ಬರಾಗಿ ಊರಿಗೆ ಮರಳುವಾಗ ಮನೆಯ ಸಾಮಾನುಗಳನ್ನು ಮಾರಿ ಹೋಗುತ್ತಿದ್ದರಂತೆ. ಎರಡು ಅಲ್ಲಿಂದ ಬಂದವು, ಮೂರನೆಯದು ಬಂದರಿನ ಹಳೆ ಸಾಮಾನಿನ ಅಂಗಡಿಯಿಂದ.

ಚಕಮಕಿಯದು ಬರ್ಮಿಂಗ್‌ಹ್ಯಾಮಿನ ಕೆಟ್‌ಲ್ಯಾಂಡ್ ಹೆಸರಿನ ಕಿಸೆ ಪಿಸ್ತೂಲು, ನನ್ನ ಒಂದು ಗೇಣಿಗಿಂತ ಚಿಕ್ಕದು. ಅದರ ನಳಿಗೆಯನ್ನು ತಿರುಚಿ ಬಿಚ್ಚಬಹುದು. ಹಿಂಬದಿಯಲ್ಲೇ ಮದ್ದು, ಗುಂಡು ಇಟ್ಟು ಮತ್ತೆ ತಿರುಚಿ ಕೂರಿಸುತ್ತಿದ್ದರು. ನಳಿಗೆಯ ಅಡಿಯಲ್ಲಿ ಕಿರೀಟದ ಗುರುತಿನ ಪುಟ್ಟ ಮುದ್ರೆಗಳಿವೆ. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ, ಒಡೆಯದೆ ಉಳಿದ ನಳಿಗೆಗೆ ಮಾತ್ರ ಅಂಥ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಈ ಪರೀಕ್ಷೆಗೆಂದೇ ಸಂಸತ್ತಿನ ಕಾಯ್ದೆಯ ಮೂಲಕ ಒಂದು ಮನೆ ಸ್ಥಾಪನೆಯಾದದ್ದು 1813ರಲ್ಲಿ. ಔಷಧಿ ಅಂಗಡಿ ನಡೆಸಿದ ನನಗೆ ಈ ಮುದ್ರೆಯ ಮೇಲೆ ವಿಶೇಷ ಗೌರವವಿದೆ. ಪರೀಕ್ಷೆಯಾಗದೆ ಯಾವುದೂ ಗಿರಾಕಿಯ ಕೈಗೆ ಹೋಗಬಾರದು ಎಂಬ ಶಿಸ್ತು ಅದು.

ಎರಡನೆಯದು ಈಸ್ಟ್ ಇಂಡಿಯಾ ಕಂಪನಿಯ ಸವಾರರ ಪಿಸ್ತೂಲು. ಕೇಪಿನದು, ಕೈ ಸೋಲುವಷ್ಟು ತೂಕದ್ದು. ಮದ್ದು ಜಡಿಯುವ ಸರಳು ನಳಿಗೆಯ ಮೂತಿಗೇ ಕೀಲಿನಿಂದ ಸೇರಿಕೊಂಡಿದೆ, ಸವಾರಿಯ ನಡುವೆ ಕೈಜಾರಿ ಬೀಳದಿರಲೆಂದು. ಪಕ್ಕದ ತಗಡಿನ ಮೇಲೆ ಕಿರೀಟ ಹಿಡಿದು ನಿಂತ ಸಿಂಹ. ಕಂಪನಿಯ ಹಳೆಯ ಆಯುಧಗಳ ಮೇಲೆ ಹೃದಯದ ಆಕಾರದ ಮುದ್ರೆ ಇರುತ್ತಿತ್ತು, ಸಿಂಹ ಬಂದದ್ದು ಆಮೇಲೆ. ಇದು 1837ರಲ್ಲಿ ಕಂಪನಿಯ ವಿರುದ್ಧ ಎದ್ದ ಕಲ್ಯಾಣಸ್ವಾಮಿಯ ದಂಡು ಮಂಗಳೂರಿಗೆ ಬಂದಾಗ ಇಲ್ಲೇ ಇದ್ದಿರಬೇಕು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕಥೆಯನ್ನು ನಾನು ಹೇಳುವುದಿಲ್ಲ. ಕಂಪನಿಯ ಸೈನ್ಯಕ್ಕೆ ಕೇಪಿನ ಆಯುಧಗಳು ಬಂದದ್ದು 1840ರ ದಶಕದಲ್ಲಿ. ಪ್ರೀತಿಯ ವಸ್ತುವಿಗೆ ಇಲ್ಲದ ಚರಿತ್ರೆ ಅಂಟಿಸಿದರೆ ಅದರ ನಿಜವಾದ ಚರಿತ್ರೆಗೆ ಅವಮಾನ ಮಾಡಿದಂತೆ ಎಂದು ನನ್ನ ಅಭಿಪ್ರಾಯ. ಮೂರನೆಯದು ಹೆಸರಿಲ್ಲದ ಒಂದು ಪುಟ್ಟ ಕೇಪಿನ ಪಿಸ್ತೂಲು, ಸದ್ಯಕ್ಕೆ ಅದರ ಬಗ್ಗೆ ಇಷ್ಟು ಸಾಕು.

ಅಪ್ಪನ ಆರೈಕೆ ಎಂದರೆ ತೆಂಗಿನೆಣ್ಣೆ. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಳೆ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದರು. ಹಿತ್ತಾಳೆಗೆ ಹುಣಸೆಹುಳಿ, ಕಬ್ಬಿಣಕ್ಕೆ ಮರಳುಕಾಗದ. ಎಷ್ಟು ಅಕ್ಕರೆಯಿಂದ ಮಾಡುತ್ತಿದ್ದರೋ ಅಷ್ಟೇ ಹಾನಿಯೂ ಆಯಿತು. ಕಂಪನಿಯ ಸಿಂಹದ ಹಿಂಗಾಲುಗಳು ಮರಳುಕಾಗದಕ್ಕೆ ಸವೆದು ಮಾಯವಾಗಿವೆ. ತೆಂಗಿನೆಣ್ಣೆ ದಿನ ಕಳೆದಂತೆ ಕನರಿ ಹುಳಿಯಾಗುತ್ತದೆ, ಅದರ ಆಮ್ಲ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಕಟ್ಟುತ್ತದೆ. ಕುದುರೆಯ, ಅಂದರೆ ಹಾರಿಸುವಾಗ ಬಡಿಯುವ ಕೊಕ್ಕೆಯ, ಸಂದಿಯಲ್ಲಿ ಎಣ್ಣೆಗೆ ಧೂಳು ಕೂತು ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಅಪ್ಪ ಹೋದ ಮೇಲೆ ನಾನು ಹೊಲಿಗೆ ಯಂತ್ರದ ಎಣ್ಣೆಗೆ ಬದಲಾಯಿಸಿದೆ. ಅದು ಕನರುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಹದಿನೈದು ದಿನಕ್ಕೆ ಹರಿದು ತಳ ಸೇರಿ ಮರದ ಹಿಡಿಯನ್ನು ಕಪ್ಪಾಗಿಸಿತು. ಜೇನುಮೇಣವನ್ನೂ ನೋಡಿದ್ದಾಯಿತು. ಅದರಲ್ಲೂ ಆಮ್ಲವಿದೆ, ಹಿತ್ತಾಳೆಯ ಮೇಲೆ ಮತ್ತೆ ಅದೇ ಹಸಿರು.

2021ರ ಆಟಿಯಲ್ಲಿ ಒಂದು ಬೆಳಿಗ್ಗೆ ಕಪಾಟು ತೆರೆದಾಗ ಕಂಪನಿ ಪಿಸ್ತೂಲಿನ ಕೇಪು ಕೂರುವ ತೊಟ್ಟಿನ ಸುತ್ತ ಕಿತ್ತಳೆ ಬಣ್ಣದ ತುಪ್ಪಳ ಎದ್ದಿತ್ತು. ಉಳಿದ ನಳಿಗೆ ಚೆನ್ನಾಗಿಯೇ ಇತ್ತು, ಅಲ್ಲಿ ಮಾತ್ರ ಏಕೆ? ಯೋಚಿಸಿದಾಗ ನನ್ನ ಹಳೆಯ ರಸಾಯನಶಾಸ್ತ್ರ ಸಹಾಯಕ್ಕೆ ಬಂತು. ಆ ಕಾಲದ ಕೇಪಿನೊಳಗೆ ಪಾದರಸದ ಫಲ್ಮಿನೇಟ್ ಜೊತೆಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸುತ್ತಿದ್ದರು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಯಾವ ಸೈನಿಕ ಕೊನೆಯ ಸಲ ಹಾರಿಸಿ ತೊಳೆಯದೆ ಇಟ್ಟನೋ, ಅವನ ಉಪ್ಪು ಇಂದಿಗೂ ಆ ಸಂದಿಯಲ್ಲಿ ಕೂತು ನಮ್ಮ ಮಳೆಗಾಲದ ತೇವವನ್ನು ಹೀರುತ್ತಿದೆ. ಎಣ್ಣೆಯ ಮೇಲೆ ಎಣ್ಣೆ ಹಚ್ಚಿದರೆ ಅದರ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ.

ಆ ಹುಡುಕಾಟದಲ್ಲಿ ಈ ಮೇಣ ಸಿಕ್ಕಿತು. ಇದನ್ನು ರೂಪಿಸಿದ್ದು 1950ರ ದಶಕದಲ್ಲಿ, ಬ್ರಿಟಿಷ್ ಮ್ಯೂಸಿಯಂನ ಸಂಶೋಧನಾ ಪ್ರಯೋಗಾಲಯದಲ್ಲಿ. ಜೇನುಮೇಣದಂಥವು ಆಮ್ಲೀಯವಾಗಿ ವಸ್ತುಗಳನ್ನೇ ಕೆಡಿಸುತ್ತವೆ ಎಂಬ ಕಾರಣಕ್ಕೆ, ಕಚ್ಚಾತೈಲದಿಂದ ಬರುವ ಸೂಕ್ಷ್ಮ ಹರಳಿನ ಮೇಣಕ್ಕೆ ಪಾಲಿಥೀನ್ ಜಾತಿಯ ಇನ್ನೊಂದು ಮೇಣ ಸೇರಿಸಿ, ಬೇಗ ಆರುವ ದ್ರಾವಕದಲ್ಲಿ ಕಲಸಿದ್ದಾರೆ. ಲೋಹ, ಮರ, ಚರ್ಮ ಮೂರಕ್ಕೂ ಒಂದೇ ಡಬ್ಬಿ ಸಾಕು. ಒಂದೇ ಪಿಸ್ತೂಲಿನಲ್ಲಿ ಕಬ್ಬಿಣ, ಹಿತ್ತಾಳೆ, ಮರ ಅಂಟಿಕೊಂಡೇ ಇರುವಾಗ ಇದು ಸಣ್ಣ ಅನುಕೂಲವಲ್ಲ.

ಡಬ್ಬಿ ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಹಂಪನಕಟ್ಟೆಯ ಬಣ್ಣದ ಅಂಗಡಿಗಳಲ್ಲಿ ಕೇಳಿದರೆ ಕಾರಿನ ಪಾಲಿಶ್ ತೋರಿಸಿದರು. ಕಾರಿನ ಪಾಲಿಶಿನಲ್ಲಿ ಉಜ್ಜುವ ಪುಡಿ ಇರಬಹುದು, ದಯವಿಟ್ಟು ಹಳೆಯ ಲೋಹಕ್ಕೆ ಹಚ್ಚಬೇಡಿ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಮೊದಲ ಮಾರಾಟಗಾರ ಕಳುಹಿಸಿದ ಡಬ್ಬಿಯ ಮುಚ್ಚಳ ಸಡಿಲವಾಗಿ, ಒಳಗಿನದು ಒಣಗಿ ಬಿರುಕು ಬಿಟ್ಟಿತ್ತು. ಹಣ ವಾಪಸ್ ಬರಲು ಒಂದೂವರೆ ತಿಂಗಳು ಹಿಡಿಯಿತು. ಎರಡನೆಯವರು ಕಳುಹಿಸಿದ್ದು ಸರಿಯಾಗಿತ್ತು. 65 ಮಿಲಿಲೀಟರಿನ ಚಿಕ್ಕ ಡಬ್ಬಿಗೆ ನಾನು ಕೊಟ್ಟದ್ದು ಎರಡು ಸಾವಿರದ ಆಸುಪಾಸು. ಕೇಳಿದಾಗ ಎದೆ ಝಲ್ಲೆಂದಿತು. ಮೂರು ವರ್ಷವಾದರೂ ಅರ್ಧ ಉಳಿದಿದೆ ಎಂದ ಮೇಲೆ ದುಬಾರಿ ಎನ್ನಲಾರೆ.

ಹಚ್ಚುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಎಲ್ಲಕ್ಕಿಂತ ಮೊದಲನೆಯದು, ಒಳಗೆ ಮದ್ದು ಇದೆಯೇ ಎಂದು ನೋಡುವುದು. ಮೂತಿಯಿಂದ ತುಂಬುವ ಹಳೆಯ ಪಿಸ್ತೂಲುಗಳನ್ನು ತುಂಬಿದ ಹಾಗೆಯೇ ಗೋಡೆಗೆ ತೂಗುಹಾಕಿದ ಉದಾಹರಣೆಗಳಿವೆ, ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. ಅಪ್ಪ ಇದಕ್ಕೆ ಹಿಡಿಸೂಡಿಯ ಕಡ್ಡಿ ಬಳಸುತ್ತಿದ್ದರು, ನಾನೂ ಅದನ್ನೇ ಬಳಸುತ್ತೇನೆ. ಮುಖವನ್ನು ಬದಿಗೆ ಸರಿಸಿ, ಕಡ್ಡಿಯನ್ನು ನಳಿಗೆಯೊಳಗೆ ತಳಮುಟ್ಟ ಇಳಿಸಿ, ಮೂತಿಯ ಬಳಿ ಉಗುರಿನಿಂದ ಗುರುತು ಮಾಡಬೇಕು. ಹೊರತೆಗೆದು ನಳಿಗೆಯ ಹೊರಮೈಗೆ ಒರಗಿಸಿ ಅಳೆದಾಗ ಕಡ್ಡಿಯ ತುದಿ ಬೆಂಕಿ ಹಾಯುವ ತೂತಿನವರೆಗೆ ಬರಬೇಕು. ಎರಡು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ ಎಂದರ್ಥ, ಆಗ ಅಲ್ಲಿಗೇ ಕೈಬಿಟ್ಟು ತಿಳಿದವರನ್ನು ಕರೆಯಬೇಕು.

ಆಮೇಲೆ ಉಪ್ಪು. ತೊಟ್ಟಿನ ಸುತ್ತಲಿನ ಜಾಗವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಲವು ಸಲ ಒತ್ತಿ ತೆಗೆದು, ಸ್ಪಿರಿಟಿನಿಂದ ಒಣಗಿಸಿದೆ. ತುಕ್ಕಿನ ತುಪ್ಪಳವನ್ನು ಬಿದಿರಿನ ಹಲ್ಲುಕಡ್ಡಿಯಿಂದ ಎಬ್ಬಿಸಿದೆ. ಕಂದು ಬಣ್ಣದ ಹಳೆಯ ಮೈಯನ್ನು ಮುಟ್ಟಲಿಲ್ಲ. ಆ ಕಂದು ಕೊಳೆಯಲ್ಲ, ಪಿಸ್ತೂಲಿನ ವಯಸ್ಸು. ನಮ್ಮ ಮನೆಯ ಬಾಗಿಲು ಮಾಡಿದ ಆಚಾರ್ಯರು ಒಮ್ಮೆ ನೋಡಿ, "ಅಕ್ಕ, ಒಂದು ಗಂಟೆ ಕೊಡಿ, ಬೆಳ್ಳಿಯ ಹಾಗೆ ಹೊಳೆಸಿ ಕೊಡುತ್ತೇನೆ" ಎಂದರು. ಚಹಾ ಕೊಟ್ಟು ಕಳುಹಿಸಿದೆ.

ಹಚ್ಚುವುದು ಮೇ ತಿಂಗಳಲ್ಲೇ ಆಗಬೇಕು, ಮಳೆ ಹಿಡಿದ ಮೇಲೆ ಹಚ್ಚಿದರೆ ತೇವವನ್ನೇ ಒಳಗೆ ಬೀಗ ಹಾಕಿದಂತೆ. ನಾನು ಬೆಳಗಿನ ಬಿಸಿಲಿಗೆ ಲೋಹದ ಭಾಗವನ್ನು ಅರ್ಧ ಗಂಟೆ ಇಟ್ಟು, ಮರದ ಹಿಡಿಗೆ ಬಟ್ಟೆ ಮುಚ್ಚುತ್ತೇನೆ. ಹತ್ತಿಯ ಕೈಗವಸು ಹಾಕಿಕೊಂಡು, ಮೆತ್ತನೆಯ ಬಟ್ಟೆಯ ತುದಿಗೆ ಒಂದು ತೊಗರಿಕಾಳಿನಷ್ಟು ಮೇಣ. ಅಷ್ಟೇ ಸಾಕು, ಒಂದು ನಳಿಗೆಗೆ ಬರುತ್ತದೆ. ತೆಳ್ಳಗೆ ಸವರಿ, ದ್ರಾವಕದ ವಾಸನೆ ಹೋಗುವ ಮೊದಲೇ ಬೇರೆ ಬಟ್ಟೆಯಿಂದ ಉಜ್ಜಬೇಕು. ಮೊದಲ ವರ್ಷ ನಾನು ಆಸೆಗೆ ಬಿದ್ದು ದಪ್ಪಗೆ ಹಚ್ಚಿದೆ. ಕೆಟ್‌ಲ್ಯಾಂಡಿನ ಪಕ್ಕದಲ್ಲಿ ಕೊರೆದ ಅಕ್ಷರಗಳೊಳಗೆ ಅದು ಬಿಳಿಯಾಗಿ ಒಣಗಿ, ಹಿಟ್ಟು ಸೇರಿಕೊಂಡಂತೆ ಕಂಡಿತು. ಮೆತ್ತನೆಯ ಕುಂಚದಿಂದ ಬಿಡಿಸಲು ಒಂದು ಸಂಜೆ ಹೋಯಿತು. ವಾಸನೆ ಜೋರಾಗಿಯೇ ಇರುತ್ತದೆ, ಕಿಟಕಿ ತೆರೆದಿಡಿ, ದೇವರ ದೀಪದಿಂದ ದೂರ ಕೂರಿ.

ಮೊದಲ ಸಲ ಉಜ್ಜಿ ಮುಗಿಸಿದಾಗ ಕಂಡದ್ದನ್ನು ಹೇಳಲೇಬೇಕು. ಹೊಳಪು ಬರಲಿಲ್ಲ, ಆಳ ಬಂತು. ಮಸುಕಾಗಿದ್ದ ನಳಿಗೆ ಮಾಗಿದ ಹುಣಸೆ ಬೀಜದ ಬಣ್ಣಕ್ಕೆ ತಿರುಗಿತು. ಅಪ್ಪನ ಮರಳುಕಾಗದದಿಂದ ಪಾರಾಗಿದ್ದ ಸಿಂಹದ ಕೇಸರ ಎಳೆ ಎಳೆಯಾಗಿ ಎದ್ದು ನಿಂತಿತು. ಒಂದು ಹನಿ ನೀರು ಬಿಟ್ಟರೆ ಕೆಸುವಿನ ಎಲೆಯ ಮೇಲಿನಂತೆ ಉರುಟಾಗಿ ನಿಂತು ಜಾರಿತು. ಬೆರಳಿಗೆ ಜಿಡ್ಡಿಲ್ಲ, ಧೂಳು ಅಂಟುವುದಿಲ್ಲ.

ಮೇಣವೊಂದೇ ಎಲ್ಲವನ್ನೂ ಮಾಡಿತು ಎಂದು ಹೇಳಲಾರೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಕಬ್ಬಿಣಕ್ಕೆ ತುಕ್ಕಿನ ವೇಗ ಏರುತ್ತದೆ, ಉಪ್ಪಿದ್ದರೆ ಅದಕ್ಕೂ ಮೊದಲೇ. ಜುಲೈಯಲ್ಲಿ ನನ್ನ ಕೋಣೆಯ ಮಾಪಕ 88 ತೋರಿಸಿತ್ತು. ಅದಕ್ಕಾಗಿ ರಬ್ಬರ್ ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದ ಕೂಡಲೇ ತೆಗೆದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಪೆಟ್ಟಿಗೆಯೊಳಗೆ 50ರ ಹತ್ತಿರ ನಿಲ್ಲಿಸುತ್ತೇನೆ. ಅದಕ್ಕಿಂತ ತೀರ ಒಣಗಿಸಿದರೆ ಮರದ ಹಿಡಿ ಬಿರಿಯುತ್ತದೆ. ಇದೇ ಪೆಟ್ಟಿಗೆ, ಇದೇ ಹರಳು ಹೊಲಿಗೆ ಎಣ್ಣೆಯ ಕಾಲದಲ್ಲೂ ಇದ್ದವು, ಆಗ ಪ್ರತಿ ವರ್ಷವೂ ಎಲ್ಲೋ ಒಂದು ಕಡೆ ತುಕ್ಕು ಏಳುತ್ತಿತ್ತು. ಹಾಗಾಗಿ ವ್ಯತ್ಯಾಸದ ದೊಡ್ಡ ಪಾಲನ್ನು ಮೇಣಕ್ಕೇ ಕೊಡುತ್ತೇನೆ.

ಇಂಥದ್ದನ್ನು ಹೊಸದಾಗಿ ಕೊಳ್ಳಲು ಹೊರಟವರಿಗೆ ಒಂದು ಮಾತು. 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ, ಆದರೆ ದುರಸ್ತಿ ಮಾಡಿದರೂ ಹಾರಿಸಲು ಬಾರದಂತಿದ್ದರೆ ಮಾತ್ರ. "ಹಳೆಯದಲ್ಲವೇ" ಎಂದು ಸುಮ್ಮನಿರಬೇಡಿ, ಕೊಳ್ಳುವ ಮೊದಲೇ ಕಾಗದಪತ್ರ ಸರಿಮಾಡಿಕೊಳ್ಳಿ.

ಕಳೆದ ಅಕ್ಟೋಬರಿನಲ್ಲಿ ಮೂರನೆಯ ಮಳೆಗಾಲ ಮುಗಿದ ಮೇಲೆ ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದೆ. ಕೆಟ್‌ಲ್ಯಾಂಡ್ ಶುದ್ಧ. ಹೆಸರಿಲ್ಲದ್ದೂ ಶುದ್ಧ. ಕಂಪನಿ ಪಿಸ್ತೂಲಿನ ತೊಟ್ಟಿನ ಬಳಿ ಏನೂ ಇಲ್ಲ. ಜಡಿಯುವ ಸರಳಿನ ಕೀಲಿನ ತಿರುಪಿನ ಹಿಂದೆ ಮಾತ್ರ ಸಾಸಿವೆಯಷ್ಟು ಒಂದು ಕಿತ್ತಳೆ ಚುಕ್ಕೆ, ಬಟ್ಟೆ ತಲುಪದ ಜಾಗ. ಈ ಮೇ ತಿಂಗಳಲ್ಲಿ ಅಲ್ಲಿಗೆ ಕುಂಚದಿಂದ ಹಚ್ಚುತ್ತೇನೆ.