ಎಬಿಎಸ್ ಸಾಕೇ, ಇಎಸ್‌ಸಿಯೂ ಬೇಕೇ? ಮೂರು ಬಗೆಯ ಕಾರು ಓಡಿಸಿ ನೋಡಿದ್ದು

ಕಾರು ಕೊಳ್ಳುವಾಗ ಎಬಿಎಸ್ (ಬ್ರೇಕ್ ತುಳಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯೇ ಎಂದು ಎಲ್ಲರೂ ತಪ್ಪದೆ ಕೇಳುತ್ತಾರೆ. ತಿರುವಿನಲ್ಲಿ ಕಾರು ಜಾರಿ ಸುತ್ತದಂತೆ ಕಾಯುವ ಇಎಸ್‌ಸಿಯ ಮಾತು ಬಂದಾಗ ಮಾತ್ರ, ಎಬಿಎಸ್ ಇದ್ದ ಮೇಲೆ ಅದೇಕೆ ಎನ್ನುವವರೇ ಹೆಚ್ಚು. ಚಾಲನಾ ತರಬೇತಿಯ ಟ್ರ್ಯಾಕ್‌ನಲ್ಲಿ, ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡೂ ಇಲ್ಲದ ಕಾರು, ಎಬಿಎಸ್ ಮಾತ್ರ ಇರುವ ಕಾರು, ಎರಡೂ ಇರುವ ಕಾರು ಹೀಗೆ ಮೂರನ್ನೂ ಓಡಿಸಿದ ಮೇಲೆ ಆ ಪ್ರಶ್ನೆಗೆ ನನ್ನ ಉತ್ತರ ಗಟ್ಟಿಯಾಗಿದೆ: ಎಬಿಎಸ್ ಬಿಟ್ಟುಕೊಡುವ ಜಾಗದಿಂದಲೇ ಇಎಸ್‌ಸಿಯ ಕೆಲಸ ಶುರುವಾಗುತ್ತದೆ.

ಮೊದಲು ಎರಡೂ ಇಲ್ಲದ ಕಾರು. ನೀರು ಹರಿಸಿದ ನುಣುಪು ನೆಲದ ಮೇಲೆ ಬ್ರೇಕನ್ನು ಬಲವಾಗಿ ತುಳಿದರೆ ಚಕ್ರಗಳು ಲಾಕ್ ಆಗುತ್ತವೆ. ಆಗ ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದರೂ ಕಾರು ನೇರವಾಗಿಯೇ ಜಾರುತ್ತದೆ. ಮುಂದಿನ ಚಕ್ರಗಳು ಎಡಕ್ಕೆ ಮುಖ ಮಾಡಿವೆ, ಕಾರು ಮಾತ್ರ ಎದುರಿನ ಕೋನ್‌ಗಳತ್ತಲೇ ಸಾಗುತ್ತಿದೆ. ಒಳಗೆ ಕುಳಿತವರಿಗೆ ಇದು ನಿಜಕ್ಕೂ ಭಯ ಹುಟ್ಟಿಸುತ್ತದೆ. ಉರುಳುವುದನ್ನು ನಿಲ್ಲಿಸಿ ಜಾರತೊಡಗಿದ ಟೈರಿಗೆ ಪಕ್ಕಕ್ಕೆ ಎಳೆಯುವ ಹಿಡಿತವೇ ಉಳಿದಿರುವುದಿಲ್ಲ. ಲಾಕ್ ಆಗುವ ಅಂಚಿನವರೆಗೆ ಒತ್ತಿ ಅಲ್ಲಿಯೇ ಪಾದವನ್ನು ತಡೆದು ಹಿಡಿಯುವ ಕಲೆ ತರಬೇತುದಾರರಿಗೆ ಚೆನ್ನಾಗಿ ಒಲಿದಿತ್ತು. ಆದರೆ ಅವರಿಗೂ ಇರುವುದು ಒಂದೇ ಪೆಡಲ್. ಒಂದು ಚಕ್ರ ಒದ್ದೆ ನೆಲದಲ್ಲಿ, ಇನ್ನೊಂದು ಒಣ ನೆಲದಲ್ಲಿ ಇದ್ದಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಒತ್ತಡ ಕೊಡಲು ಎಂಥ ನುರಿತ ಪಾದಕ್ಕೂ ಸಾಧ್ಯವಿಲ್ಲ.

ಅದೇ ನೆಲದ ಮೇಲೆ ಎಬಿಎಸ್ ಇರುವ ಕಾರಿನಲ್ಲಿ ಪೆಡಲನ್ನು ಕೊನೆಯವರೆಗೆ ತುಳಿದಾಗ ಮೊದಲು ಗೊತ್ತಾಗುವುದು ಪಾದಕ್ಕೆ. ಪೆಡಲ್ ಅಡಿಯಿಂದ ಪಟಪಟನೆ ತಿರುಗಿ ಒದೆಯುತ್ತದೆ, ಬಾನೆಟ್ ಕೆಳಗಿನಿಂದ ಪಂಪಿನ ಗರಗರ ಸದ್ದು ಕೇಳುತ್ತದೆ. ಹೊಸಬರು ಏನೋ ಮುರಿಯಿತೆಂದು ಹೆದರಿ ಕಾಲು ಸಡಿಲಿಸುವುದು ಇಲ್ಲಿಯೇ. ಸಡಿಲಿಸಬಾರದು, ಇನ್ನೂ ಒತ್ತಬೇಕು. ನಾಲ್ಕೂ ಚಕ್ರಗಳ ಬಳಿ ಇರುವ ಸೆನ್ಸರ್‌ಗಳು ಅವುಗಳ ವೇಗವನ್ನು ಸತತವಾಗಿ ಅಳೆಯುತ್ತಿರುತ್ತವೆ. ಕಾರಿನ ವೇಗ ಅಷ್ಟು ಬೇಗ ಇಳಿಯಲು ಸಾಧ್ಯವೇ ಇಲ್ಲ ಎನ್ನುವಷ್ಟು ಥಟ್ಟನೆ ಯಾವುದಾದರೂ ಚಕ್ರದ ವೇಗ ಇಳಿದರೆ, ಆ ಚಕ್ರ ಲಾಕ್ ಆಗಲಿದೆ ಎಂದೇ ಅರ್ಥ. ಕೂಡಲೇ ಅದಕ್ಕೆ ಹೋಗುವ ಬ್ರೇಕ್ ಆಯಿಲ್‌ನ ದಾರಿಯನ್ನು ಒಂದು ವಾಲ್ವ್ ಮುಚ್ಚುತ್ತದೆ. ಅದೂ ಸಾಲದಿದ್ದರೆ ಇನ್ನೊಂದು ವಾಲ್ವ್ ತೆರೆದು ಒತ್ತಡ ಇಳಿಸುತ್ತದೆ. ಹಾಗೆ ಹೊರಬಂದ ಆಯಿಲನ್ನು ಪಂಪ್ ಹಿಂದಕ್ಕೆ ತಳ್ಳುತ್ತದೆ; ಪಾದಕ್ಕೆ ತಗಲುವ ಒದೆತ ಅದರದ್ದೇ. ಚಕ್ರ ಮತ್ತೆ ಉರುಳಿದೊಡನೆ ಒತ್ತಡ ಏರುತ್ತದೆ. ಸೆಕೆಂಡಿಗೆ ಹಲವು ಬಾರಿ ನಡೆಯುವ ಈ ಆಟದ ಗುರಿ ಚಕ್ರದ ಜಾರಾಟವನ್ನು, ಅಂದರೆ ಕಾರಿನ ವೇಗಕ್ಕಿಂತ ಚಕ್ರದ ವೇಗ ಎಷ್ಟು ಕಡಿಮೆ ಎಂಬುದನ್ನು, ಸುಮಾರು ಶೇ 10ರಿಂದ 20ರ ನಡುವೆ ಇಡುವುದು. ಟೈರಿನ ಹಿಡಿತ ಹೆಚ್ಚಾಗಿರುವುದು ಅಲ್ಲಿಯೇ. ಬ್ರೇಕನ್ನು ತುಳಿದುಕೊಂಡೇ ಎಡಕ್ಕೆ ತಿರುಗಿಸಿದೆ, ಕಾರು ಎಡಕ್ಕೆ ಸರಿದು ಕೋನ್‌ಗಳನ್ನು ದಾಟಿತು.

ಎಬಿಎಸ್ ಇದ್ದರೆ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಒದ್ದೆ ನೆಲದಲ್ಲಿ ಅದು ನಿಜ. ಒಣ ಡಾಂಬರಿನ ಮೇಲೆ ತರಬೇತುದಾರರ ಪಾದಕ್ಕೂ ಎಬಿಎಸ್‌ಗೂ ನಾನು ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಡಿಲ ಜಲ್ಲಿಯಲ್ಲಂತೂ ಎಬಿಎಸ್ ಕಾರೇ ಹೆಚ್ಚು ದೂರ ಹೋಗಿ ನಿಂತಿತು, ಏಕೆಂದರೆ ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿಯನ್ನು ಗುಡ್ಡೆ ಹಾಕಿಕೊಂಡು ಅದನ್ನೇ ತಡೆಯಾಗಿ ಬಳಸುತ್ತದೆ. ಎಬಿಎಸ್‌ನ ನಿಜವಾದ ಬೆಲೆ ಇರುವುದು ಅದು ಉಳಿಸಿಕೊಡುವ ಸ್ಟೀರಿಂಗ್‌ನಲ್ಲಿ.

ಆದರೆ ವೇಗದಲ್ಲಿ ಸ್ಟೀರಿಂಗನ್ನು ಗಕ್ಕನೆ ತಿರುಗಿಸುವುದೂ ಅಪಾಯವೇ. ಅಡ್ಡಿಯನ್ನು ತಪ್ಪಿಸಲು ಎಡಕ್ಕೆ ಎಳೆದು, ಮರುಕ್ಷಣವೇ ಬಲಕ್ಕೆ ತಿರುಗಿಸಿ ಮೊದಲಿನ ದಾರಿಗೆ ಬರುವ ಪರೀಕ್ಷೆಯಲ್ಲಿ ಎಬಿಎಸ್ ಮಾತ್ರ ಇರುವ ಕಾರು ಎಡಕ್ಕೆ ಚೆನ್ನಾಗಿಯೇ ಹೋಯಿತು. ಬಲಕ್ಕೆ ತಿರುಗಿಸುತ್ತಲೇ ಹಿಂಭಾಗ ಎಡಕ್ಕೆ ಜಾರಿ ಕಾರು ಗಿರ್ರನೆ ಸುತ್ತಿತು. ನನ್ನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ. ಕಾಲು ಇಡದಿದ್ದರೆ ಎಬಿಎಸ್‌ಗೆ ಅಲ್ಲಿ ಕೆಲಸವೂ ಇಲ್ಲ.

ಇಎಸ್‌ಸಿ ಇರುವ ಕಾರಿನಲ್ಲಿ ಅದೇ ವೇಗ, ಅದೇ ತಿರುವು. ಹಿಂಭಾಗ ಜಾರಲು ಹೊರಟದ್ದು ಬೆನ್ನಿಗೆ ತಿಳಿಯಿತು. ಅಷ್ಟರಲ್ಲಿ ಮುಂದಿನ ಎಡಭಾಗದಿಂದ ಯಾರೋ ಹಿಡಿದೆಳೆದಂತಾಯಿತು, ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಮಿನುಗಿತು, ಕಾರು ನೇರವಾಯಿತು. ಚಾಲಕ ಎತ್ತ ತಿರುಗಿಸುತ್ತಿದ್ದಾನೆ ಎಂಬುದನ್ನು ಸ್ಟೀರಿಂಗ್‌ನ ಸೆನ್ಸರ್ ಹೇಳುತ್ತದೆ. ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಜಗ್ಗುತ್ತಿದೆ ಎಂಬುದನ್ನು ಬೇರೆ ಸೆನ್ಸರ್‌ಗಳು ಹೇಳುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಇಎಸ್‌ಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸುತ್ತದೆ. ಹಿಂಭಾಗ ಹೊರಕ್ಕೆ ಜಾರಿದರೆ ತಿರುವಿನ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್. ಮುಂಭಾಗವೇ ತಿರುಗದೆ ಹೊರಕ್ಕೆ ಹೋದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಪಾದ ಸೋಕದೆಯೇ ಒತ್ತಡ ಹುಟ್ಟಿಸಬೇಕಾದ್ದರಿಂದ, ನಾಲ್ಕು ಚಕ್ರಗಳ ಎಬಿಎಸ್ ಘಟಕದಲ್ಲಿ ಸಾಮಾನ್ಯವಾಗಿ 8 ವಾಲ್ವ್‌ಗಳಿದ್ದರೆ ಇದರಲ್ಲಿ 12 ಇರುತ್ತವೆ.

ಎರಡೂ ಬಾಷ್ ಮತ್ತು ಮರ್ಸಿಡಿಸ್ ಬೆನ್ಸ್ ಜೊತೆಯಾಗಿ ಮಾರುಕಟ್ಟೆಗೆ ತಂದ ತಂತ್ರಗಳು: ಇಂದಿನ ರೂಪದ ಎಬಿಎಸ್ 1978ರಲ್ಲಿ, ಇಎಸ್‌ಪಿ ಎಂಬ ಹೆಸರಿನಲ್ಲಿ ಇಎಸ್‌ಸಿ 1995ರಲ್ಲಿ. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ನಡೆಸಿದ ಇಂಥದೇ ಪರೀಕ್ಷೆಯಲ್ಲಿ ಬೆನ್ಸ್‌ನ ಸಣ್ಣ ಎ-ಕ್ಲಾಸ್ ಕಾರು ಮಗುಚಿಬಿದ್ದ ಮೇಲೆ, ಕಂಪನಿ ಆ ಕಾರಿಗೆಲ್ಲ ಇಎಸ್‌ಪಿ ಅಳವಡಿಸಿತು. ದುಬಾರಿ ಕಾರುಗಳಲ್ಲಷ್ಟೇ ಇದ್ದ ತಂತ್ರ ಸಣ್ಣ ಕಾರುಗಳತ್ತ ಇಳಿದುಬಂದದ್ದು ಹೀಗೆ.

ನನ್ನ ಆಯ್ಕೆ ಸ್ಪಷ್ಟ. ದೊಡ್ಡ ಪರದೆ, ತೆರೆಯುವ ಚಾವಣಿ ಎಲ್ಲವನ್ನೂ ಬಿಟ್ಟಾದರೂ ಇಎಸ್‌ಸಿ ಇರುವ ಕಾರನ್ನೇ ತೆಗೆದುಕೊಳ್ಳಿ. ಅದಿದ್ದಲ್ಲಿ ಎಬಿಎಸ್ ಇದ್ದೇ ಇರುತ್ತದೆ. ಸವೆದ ಟೈರಿಗೆ ಮಾತ್ರ ಎರಡೂ ಹೊಸ ಹಿಡಿತ ತಂದುಕೊಡಲಾರವು. ಹಳೆಯ ಕಾರು ಕೊಳ್ಳುವವರು ಇಗ್ನಿಷನ್ ಆನ್ ಮಾಡಿದಾಗ ಎರಡರ ದೀಪಗಳೂ ಹೊತ್ತಿ, ಕೆಲ ಕ್ಷಣಗಳಲ್ಲಿ ಆರುತ್ತವೆಯೇ ನೋಡಬೇಕು. ಹೊತ್ತದೇ ಇದ್ದರೆ ಬಲ್ಬನ್ನೇ ಕಿತ್ತಿರಬಹುದು. ಎಬಿಎಸ್ ದೀಪ ಆರದೆ ಉಳಿದರೆ ಮಾಮೂಲು ಬ್ರೇಕ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಅದೇ ಸೆನ್ಸರ್, ಅದೇ ಪಂಪನ್ನು ನಂಬಿರುವ ಇಎಸ್‌ಸಿ ಮಾತ್ರ ಕೈಕೊಟ್ಟಿರುತ್ತದೆ.